ಜಿಪ್ಸಿ ಮುಂದಿನ ಆಕ್ಸಲ್ ಮುರಿದಿದೆ: ಇರೋದನ್ನೇ ಗಟ್ಟಿ ಮಾಡಲಾ, ಬೇರೆ ಆಕ್ಸಲ್ ಹಾಕಲಾ?

ಹೆತ್ತೂರು ಜಿಪ್ಸಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗಾಡಿ ಜಿಪ್ಸಿ ಕಿಂಗ್, 1.3 ಪೆಟ್ರೋಲ್. 2 ಇಂಚು ಎತ್ತರಿಸಿ 31 ಇಂಚಿನ ಮಡ್ ಟೈರ್ ಹಾಕಿದ್ದೇನೆ. ಹೋದ ವಾರ ತೋಟದ ಕೆಳಗಿನ ಹಳ್ಳ ದಾಟಿ ದಿಬ್ಬ ಹತ್ತುತ್ತಿದ್ದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ, ನಿಧಾನದ ಗೇರ್), ಫಸ್ಟ್ ಗೇರ್, ಸ್ಟಿಯರಿಂಗ್ ಪೂರ್ತಿ ಬಲಕ್ಕೆ. ಎಡಗಡೆ ಮುಂದಿನ ಚಕ್ರ ಎರಡು ಬಂಡೆ ನಡುವೆ ಸಿಕ್ಕಿಕೊಂಡಿತ್ತು. ಸ್ವಲ್ಪ ಜಾಸ್ತಿನೇ ಒತ್ತಿದೆ. ಅಡಕತ್ತರಿಯಲ್ಲಿ ಗಟ್ಟಿ ಅಡಿಕೆ ಸೀಳಿದ ಹಾಗೆ ಒಂದು ಸದ್ದು. ಆಮೇಲೆ ಸ್ಟಿಯರಿಂಗ್ ತಿರುಗಿಸಿದಾಗೆಲ್ಲ ಒಳಗೆ ಕಲ್ಲು ಅರೆದ ಹಾಗೆ ಕಟಕಟ.

ಬಿಚ್ಚಿ ನೋಡಿದರೆ ಎಡಗಡೆ ಬರ್ಫೀಲ್ಡ್ ಜಾಯಿಂಟ್ (ಚಕ್ರ ಓರೆಯಾದಾಗಲೂ ಅದಕ್ಕೆ ಬಲ ಮುಟ್ಟಿಸೋ ಗುಂಡಿನ ಕೀಲು) ಮೂರು ಹೋಳು. ಗುಂಡುಗಳು ಗ್ರೀಸಿನಲ್ಲಿ ಬಿದ್ದಿದ್ದವು, ಗುಲಾಬ್ ಜಾಮೂನು ಪಾಕದಲ್ಲಿ ಬಿದ್ದ ಹಾಗೆ.

ಗ್ಯಾರೇಜಿನವರು ಹೇಳೋದು: "ಇದು ಆಟದ ಸಾಮಾನು ಸರ್. ಕಿತ್ತು ಹಾಕಿ ಜೀಪಿಂದು ಆಕ್ಸಲ್ ಕೂರಿಸೋಣ." ಇನ್ನೊಬ್ಬರು ಜೋಂಗಾ (ಸೇನೆಯ ಹಳೇ ಜೀಪು) ಆಕ್ಸಲ್ ಹುಡುಕಿ ಅಂತಾರೆ. ನನ್ನ ಅಣ್ಣ ಗಾಡಿನೇ ಮಾರು ಅಂತಾನೆ. ಏನು ಮಾಡಲಿ?

ಸ್ಪಾನರ್ ಸ್ವಾಮಿ · ಭಾನುವಾರ ರಾತ್ರಿ 10:15

ಮಾರೋ ವಿಚಾರ ಆಮೇಲೆ. ಮೊದಲು ಮೂರು ಪ್ರಶ್ನೆ.

ಹಿಂದಿನ ಡಿಫರೆನ್ಶಿಯಲ್ (ಡಿಫ್, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋ ಗೇರ್) ಹಾಗೇ ಓಪನ್ ಇದೆಯಾ, ಇಲ್ಲ ಎರಡೂ ಒಟ್ಟಿಗೆ ತಿರುಗೋ ಹಾಗೆ ವೆಲ್ಡ್ ಮಾಡಿಸಿದ್ದೀರಾ? ಮುಂದಿನ ಜಾಯಿಂಟ್ ಬಿಚ್ಚಿದಾಗ ಗ್ರೀಸ್ ಗಟ್ಟಿ ಇತ್ತಾ, ನೀರು ನೀರಾಗಿತ್ತಾ? ಹಿಂದಿನ ಟೈರ್ ಸಮ ಸವೆದಿದೆಯಾ?

ಹೆತ್ತೂರು ಜಿಪ್ಸಿ · ಸೋಮವಾರ ಬೆಳಿಗ್ಗೆ 7:05

ಹಿಂದೆ ವೆಲ್ಡ್ ಮಾಡಿಸಿದ್ದೇನೆ ಅಣ್ಣ, ಎರಡು ವರ್ಷ ಆಯಿತು. ಗ್ರೀಸ್ ತೆಳ್ಳಗಿತ್ತು, ಹಳೇ ಸಾರಿನ ಹಾಗೆ. ಎಡಗಡೆ ನಕಲ್ ಬಾಲಿನಿಂದ (ಜಾಯಿಂಟ್ ಮುಚ್ಚಿರೋ ಗುಂಡಗಿನ ಕವಚ) ಯಾವಾಗಲೂ ಸೋರುತ್ತಿತ್ತು, ಸುಮ್ನೆ ಬಿಟ್ಟಿದ್ದೆ. ಹಿಂದಿನ ಟೈರ್ ಎರಡೂ ಒಳಗಡೆ ಜಾಸ್ತಿ ಸವೆದಿವೆ. ಯಾಕೆ ಕೇಳಿದಿರಿ?

ಸ್ಪಾನರ್ ಸ್ವಾಮಿ · ಸೋಮವಾರ ಬೆಳಿಗ್ಗೆ 8:30

ಮೂರಕ್ಕೂ ನಾನು ಅಂದುಕೊಂಡ ಉತ್ತರವೇ ಬಂತು.

ಜಿಪ್ಸಿಯ ಮುಂದಿನ ಆಕ್ಸಲ್ ಟ್ಯೂಬಿನ ತುದಿಯಲ್ಲಿ ಒಂದು ಆಯಿಲ್ ಸೀಲ್ ಇರುತ್ತದೆ. ಡಿಫ್ ಒಳಗಿನ ಗೇರ್ ಆಯಿಲ್ ಈ ಕಡೆ, ಜಾಯಿಂಟಿನ ಗ್ರೀಸ್ ಆ ಕಡೆ. ಸೀಲ್ ಹೋದರೆ ಆಯಿಲ್ ಬಂದು ಗ್ರೀಸನ್ನು ಕರಗಿಸುತ್ತದೆ. ಸಾರಿನ ಹಾಗೆ ಅಂದಿರಲ್ಲ, ಅದೇ. ಆ ಸಾರಿನಲ್ಲಿ ಜಾಯಿಂಟ್ ತಿರುಗಿದರೆ ಗುಂಡು ಓಡುವ ಕಾಲುವೆಗಳು ಸವೆದು ಹಳ್ಳ ಬೀಳುತ್ತವೆ. ಮೇಲೆ ಒರೆಸಿಕೊಂಡು ಓಡಾಡಿದರೆ ಹೊರಗೆ ಏನೂ ಕಾಣಲ್ಲ. ಒಳಗೆ ಜಾಯಿಂಟ್ ಅರ್ಧ ಸತ್ತಿರುತ್ತದೆ. ನೀವು ಬಂಡೆ ಸಂದಿಯಲ್ಲಿ ಒತ್ತಿದ್ದು ಉಳಿದರ್ಧಕ್ಕೆ.

ಹಿಂದಿನ ಟೈರ್ ವಿಷಯ ಬೇರೆ. ಅದು ಹೌಸಿಂಗ್ (ಆಕ್ಸಲಿನ ಹೊರ ಕವಚ) ಬಗ್ಗಿರೋ ಲಕ್ಷಣ. ಅಳೆಯೋದು ಸುಲಭ. ಗಾಡಿ ಸಮ ನೆಲದಲ್ಲಿ ನಿಲ್ಲಿಸಿ. ಹಿಂದಿನ ಎರಡು ಟೈರಿನ ನಡು ಗೆರೆಗೆ ಚಾಕ್‌ಪೀಸಲ್ಲಿ ಗುರುತು ಹಾಕಿ. ಆಕ್ಸಲ್ ಎತ್ತರಕ್ಕೆ ಟೇಪ್ ಹಿಡಿದು ಟೈರಿನ ಮುಂಭಾಗದಲ್ಲಿ ಒಂದು ಅಳತೆ, ಹಿಂಭಾಗದಲ್ಲಿ ಒಂದು ಅಳತೆ. ಆಮೇಲೆ ಗುರುತನ್ನು ಮೇಲೆ ಕೆಳಗೆ ತಂದು ಅದೇ ಅಳತೆ. ಹಿಂದಿನ ಆಕ್ಸಲಿನಲ್ಲಿ ಎಲ್ಲವೂ ಒಂದೇ ಇರಬೇಕು. 2-3 ಮಿಲಿಮೀಟರ್ ಟೈರಿನದೇ ವ್ಯತ್ಯಾಸ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪೀಣ್ಯ ಹೀಟ್ ಟ್ರೀಟ್ · ಸೋಮವಾರ ಮಧ್ಯಾಹ್ನ 1:20

ಸ್ವಾಮಿಯವರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ನನ್ನ ಕೆಲಸ ಉಕ್ಕು ಕಾಯಿಸೋದು, ತಣಿಸೋದು. ಹಾಗಾಗಿ ಮುರಿದ ಶಾಫ್ಟ್ (ಚಕ್ರ ತಿರುಗಿಸೋ ಸರಳು) ಕಂಡರೆ ಕೈ ತಡೆಯಲ್ಲ.

ಎಂಜಿನ್ ಜಾಸ್ತಿ ಅಂದರೆ 103 ನ್ಯೂಟನ್ ಮೀಟರ್ ಕೊಡುತ್ತದೆ. ಫಸ್ಟ್ ಗೇರ್ ಸುಮಾರು 3.65 ಪಟ್ಟು, ಲೋ ರೇಂಜ್ 2.27, ಕ್ರೌನ್ ಪಿನಿಯನ್ (ಡಿಫ್ ಒಳಗಿನ ಹಲ್ಲಿನ ಜೋಡಿ) 3.9 ಹತ್ತಿರ. ಗುಣಿಸಿದರೆ 3,300 ಚಿಲ್ಲರೆ. ಹಿಂದಿನ ಚಕ್ರ ಕೆಸರಲ್ಲಿ ಜಾರುತ್ತಿದ್ದರೆ ಈ ಬಲ ಬಹುಪಾಲು ಮುಂದಕ್ಕೇ ಹೋಗುತ್ತದೆ. ಮುಂದೆ ಡಿಫ್ ಓಪನ್ ಇರೋದರಿಂದ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ.

ಸಾಮಾನ್ಯವಾಗಿ ಶಾಫ್ಟ್ ಉಳಿಯೋದು ಟೈರ್ ಜಾರೋದರಿಂದ. ನೆಲ ಹಿಡಿದುಕೊಳ್ಳುವಷ್ಟೇ ಭಾರ ಶಾಫ್ಟಿಗೆ ಬರುತ್ತದೆ, ಅದಕ್ಕಿಂತ ಜಾಸ್ತಿ ಬರಲ್ಲ. ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡ ಚಕ್ರ ಜಾರಲ್ಲ. ಅಲ್ಲಿಗೆ ಆ ಕಾಪು ಹೋಯಿತು. ಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದೀರಿ. ಆ ಕೋನದಲ್ಲಿ ಆರು ಗುಂಡಿಗೆ ಹಂಚಿಹೋಗಬೇಕಾದ ಭಾರ ಒಂದೆರಡರ ಮೇಲೆ ಕೂರುತ್ತದೆ.

ಟೈರಿನ ಪಾಲೂ ಇದೆ. ಕಂಪನಿಯ 205/70 ಆರ್ 15 ಟೈರ್ 668 ಮಿಲಿಮೀಟರ್ ಎತ್ತರ. ನಿಮ್ಮ 31 ಇಂಚು 787. ಅಂದರೆ ಸನ್ನೆಕೋಲು 18 ಪರ್ಸೆಂಟ್ ಉದ್ದ ಆಯಿತು. ಟೈರ್ ಜಾರಬೇಕಾದರೂ ಅಷ್ಟು ಜಾಸ್ತಿ ತಿರುಚಬೇಕು.

ಮುರಿದ ಮುಖದ ಫೋಟೋ ಹಾಕಿ. ಪೂರ್ತಿ ಹೊಳಪಾಗಿ ಸಕ್ಕರೆ ಹರಳಿನ ಹಾಗಿದ್ದರೆ ಒಂದೇ ಏಟಿಗೆ ಹೋಗಿದೆ. ಒಂದು ಮೂಲೆ ಕಪ್ಪಾಗಿ, ಕಪ್ಪೆಚಿಪ್ಪಿನ ಮೇಲಿರೋ ಹಾಗೆ ಗೆರೆ ಗೆರೆ ಇದ್ದರೆ ಬಿರುಕು ಹಳೇದು.

ಹೆತ್ತೂರು ಜಿಪ್ಸಿ · ಸೋಮವಾರ ಸಂಜೆ 6:50

ಫೋಟೋ ಹಾಕಿದ್ದೇನೆ. ದೊಡ್ಡ ಹೋಳಿನ ಒಂದು ಅಂಚು ಉಗುರಗಲ ಕಪ್ಪಿದೆ, ಉಳಿದದ್ದು ಹೊಳೀತಿದೆ.

ಹಿಂದಿನ ಆಕ್ಸಲ್ ಅಳೆದೆ. ಮುಂಭಾಗದಲ್ಲಿ 9 ಮಿಲಿಮೀಟರ್ ಜಾಸ್ತಿ ಬಂತು. ಎರಡು ಸಲ ಅಳೆದೆ. ಮಗಳ ಕೈಲಿ ಟೇಪ್ ಕೊಟ್ಟು ಮೂರನೇ ಸಲವೂ ಅಳೆದೆ. 9 ಕ್ಕೆ 9.

ಪೀಣ್ಯ ಹೀಟ್ ಟ್ರೀಟ್ · ಸೋಮವಾರ ರಾತ್ರಿ 8:00

ಆ ಉಗುರಗಲ ಕಪ್ಪು ಹಳೇ ಬಿರುಕು. ಆವತ್ತು ಹಳ್ಳದಲ್ಲಿ ಹೋಗದೆ ಇದ್ದರೆ ಇನ್ನೊಂದು ದಿನ ಇನ್ನೆಲ್ಲೋ ಹೋಗುತ್ತಿತ್ತು. ಆಕ್ಸಲ್ ಆಟದ ಸಾಮಾನು ಅಂತ ನಾನು ಒಪ್ಪಲ್ಲ. ಸೀಲ್ ಬದಲಿಸದ, ಟೈರ್ ದೊಡ್ಡದಾದ, ಹಿಂದೆ ವೆಲ್ಡ್ ಆದ ಆಕ್ಸಲ್ ಅದು.

ಕೊಡಚಾದ್ರಿ ಲೋಡ್ · ಸೋಮವಾರ ರಾತ್ರಿ 10:45

ನಾನು ಬಾಡಿಗೆ ಜೀಪು ಓಡಿಸೋನು, ಕೊಲ್ಲೂರು ಕಡೆಯಿಂದ ಕೊಡಚಾದ್ರಿ ಮೇಲಕ್ಕೆ. ಗಾಡಿ ಹಳೇ ಮಹೀಂದ್ರ. ಎಂಟು ಜನ, ಅವರ ಬ್ಯಾಗು, ಮೇಲೆ ಮಳೆ. ಆ ದಾರಿ ನೋಡಿದವರಿಗೆ ಹೇಳಬೇಕಾಗಿಲ್ಲ.

ನಮ್ಮ ಗಾಡಿ ಹಿಂದಿನ ಆಕ್ಸಲ್ ಹಳೇ ವಿಲ್ಲಿಸ್ ಕಾಲದ ನಮೂನೆ. ಶಾಫ್ಟಿನ ತುದಿ ಟೇಪರ್ (ಕೊನೆಗೆ ಹೋಗುತ್ತಾ ಸಣ್ಣ), ಅದರ ಮೇಲೆ ಹಬ್ ಕೂರುತ್ತದೆ, ನಡುವೆ ಒಂದು ಕೀ (ಸಣ್ಣ ಬೆಣೆ). ಶಾಫ್ಟ್ ಕಟ್ ಆದರೆ ಯಾವಾಗಲೂ ಆ ಕೀ ಕೂರೋ ಕಾಲುವೆಯಿಂದಲೇ. ಕಾರಣ ಒಂದೇ, ಹಬ್ ನಟ್ ಸಡಿಲ. ಭಾರ ಹೊರಬೇಕಾದ್ದು ಟೇಪರ್, ಕೀ ಅಲ್ಲ. ಟೇಪರ್ ಒಣಗಿರಬೇಕು, ಚೊಕ್ಕವಾಗಿರಬೇಕು. ನಮ್ಮ ಹುಡುಗರು ಬಿಚ್ಚೋಕೆ ಸುಲಭ ಆಗಲಿ ಅಂತ ಗ್ರೀಸ್ ಸವರುತ್ತಿದ್ದರು. ಬೈದು ಬಿಡಿಸಿದೆ. ನಟ್ ಕನಿಷ್ಠ 200 ನ್ಯೂಟನ್ ಮೀಟರ್ ಟೈಟ್ ಮಾಡಬೇಕು. ಸ್ಪ್ಲಿಟ್ ಪಿನ್ ತೂತಿಗೆ ಹೊಂದಲಿಲ್ಲ ಅಂದರೆ ಇನ್ನೂ ಮುಂದಕ್ಕೆ ತಿರುಗಿಸಬೇಕು, ಹಿಂದಕ್ಕೆ ಬಿಡಬಾರದು. 50 ಕಿಲೋಮೀಟರ್ ಓಡಿಸಿ ಮತ್ತೆ ಒಂದು ಸಲ ನೋಡಬೇಕು. ಇದನ್ನು ಶುರು ಮಾಡಿದ ಮೇಲೆ ನನ್ನ ಗಾಡಿಯಲ್ಲಿ ಶಾಫ್ಟ್ ಹೋಗಿಲ್ಲ.

ಆದರೂ ಸೀಟಿನ ಕೆಳಗೆ ಒಂದು ಶಾಫ್ಟ್ ಇಟ್ಟಿರುತ್ತೇನೆ, ಗೋಣಿಚೀಲ ಸುತ್ತಿ. ಶಾಫ್ಟ್ ತುಂಬ ಗಟ್ಟಿ ಮಾಡಿಸಬೇಡಿ ಅಂತ ನಮ್ಮ ಹಳೇ ಮೇಸ್ತ್ರಿ ಹೇಳುತ್ತಿದ್ದರು. ಶಾಫ್ಟ್ ಹೋದರೆ ಒಂದು ಗಂಟೆ ಕೆಲಸ. ಶಾಫ್ಟ್ ಹೋಗದೆ ಕ್ರೌನ್ ಹಲ್ಲು ಹೋದರೆ ಗಾಡಿ ಬೆಟ್ಟದ ಮೇಲೇ, ನಾವು ನಡೆದುಕೊಂಡು ಕೆಳಗೆ.

ಮಡಿಕೇರಿ ಚಂಗಪ್ಪನ ಮಗಳು · ಮಂಗಳವಾರ ಬೆಳಿಗ್ಗೆ 11:10

ಬೇರೆ ಆಕ್ಸಲ್ ಹಾಕಿಸಿ ಕೈ ಸುಟ್ಟುಕೊಂಡವಳು ನಾನು. ಹೇಳೋದು ಕೇಳಿ.

ನನ್ನದೂ ಜಿಪ್ಸಿ. ಹಳೇ ಜೀಪಿನ ಹಿಂದಿನ ಆಕ್ಸಲ್ ಸಿಕ್ಕಿತು, ಕಡಿಮೆಗೆ. ಚಕ್ರದ ಬೋಲ್ಟ್ ಐದು, 139.7 ಮಿಲಿಮೀಟರ್ ಸುತ್ತು, ಎರಡೂ ಗಾಡಿಯದ್ದು ಒಂದೇ. ರಿಮ್ ಕೂರುತ್ತದಲ್ಲ, ಇನ್ನೇನು ಬೇಕು ಅಂದುಕೊಂಡೆ. ಬೇಕಾದ್ದು ಅಲ್ಲಿಂದಲೇ ಶುರು.

ಕ್ರೌನ್ ಹಲ್ಲು ಎಣಿಸಿದರೆ 39ಕ್ಕೆ 8. ಅಂದರೆ 4.88. ಮುಂದೆ ನನ್ನ ಗಾಡಿದು ಅದಕ್ಕಿಂತ ಎಷ್ಟೋ ಕಮ್ಮಿ. ಹಿಂದೆ ಒಂದು, ಮುಂದೆ ಒಂದು ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡುತ್ತವೆ, ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಬಲ ಹಂಚೋ ಗೇರ್ ಪೆಟ್ಟಿಗೆ) ಸಾಯುತ್ತದೆ. ಹಾಗಾಗಿ ಮುಂದಿನದನ್ನೂ ಬದಲಿಸಬೇಕಾಯಿತು. ಅಲ್ಲಿಗೆ ಖರ್ಚು ಎರಡರಷ್ಟು.

ಆಮೇಲೆ ಪಿನಿಯನ್ ಜಾಗ. ಜಿಪ್ಸಿಯ ಡಿಫ್ ಎಲ್ಲಿದೆಯೋ ಜೀಪಿಂದು ಸರಿಯಾಗಿ ಅಲ್ಲೇ ಬರಲ್ಲ. ಡಿಫಿಗೆ ಬಲ ತರೋ ಪ್ರೊಪೆಲ್ಲರ್ ಶಾಫ್ಟ್ ಓರೆಯಾಯಿತು, 60 ದಾಟಿದರೆ ಸೀಟೆಲ್ಲ ನಡುಕ. ಸ್ಪ್ರಿಂಗ್ ಕೂರೋ ಪ್ಯಾಡ್ ಕತ್ತರಿಸಿ ಬೇರೆ ಕಡೆ ವೆಲ್ಡ್ ಮಾಡಿಸಿದೆವು. ಗಾಡಿ ಜಾಕ್ ಮೇಲಿದ್ದಾಗಲೇ ಪೂರ್ತಿ ವೆಲ್ಡ್ ಮಾಡಿಬಿಟ್ಟರು. ಇಳಿಸಿದ ಮೇಲೆ ಪಿನಿಯನ್ ಮೂಗು ನೆಲ ನೋಡುತ್ತಿತ್ತು. ಮತ್ತೆ ಕತ್ತರಿಸು. ಮೊದಲು ಚುಕ್ಕಿ ವೆಲ್ಡ್ ಮಾತ್ರ ಹಾಕಿ, ಗಾಡಿಯ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಬಿಟ್ಟು, ಕೋನ ನೋಡಿ, ಆಮೇಲೆ ಬಿಗಿ ಮಾಡಬೇಕಿತ್ತು. ಇದನ್ನು ನನಗೆ ಹೇಳಿದ್ದು ಎರಡನೇ ವೆಲ್ಡರ್.

ಬ್ರೇಕ್ ಪೆಡಲ್ ಉದ್ದ ಹೋಗುತ್ತಿತ್ತು. ಚಕ್ರದ ಸಿಲಿಂಡರ್ ದೊಡ್ಡದು, ಮಾಸ್ಟರ್ ಸಿಲಿಂಡರ್ ಜಿಪ್ಸಿಯ ಸಣ್ಣದು. ಅದೂ ಬದಲು. ಇಷ್ಟೆಲ್ಲ ಮುಗಿಯೋಕೆ ಎಂಟು ತಿಂಗಳು. ಗಾಡಿ ಈಗ ಮುರಿಯಲ್ಲ, ನಿಜ. ಆದರೆ ಜಿಪ್ಸಿಯ ಆ ಹಗುರ ಹೋಯಿತು. ಮೊದಲು ಹುಲ್ಲಿನ ಮೇಲೆ ಮೇಕೆ ಹೋದ ಹಾಗೆ ಹೋಗುತ್ತಿತ್ತು. ಈಗ ಎಮ್ಮೆ. ಕೆಳಗಿನ ಭಾರ ಜಾಸ್ತಿ ಆದ್ದರಿಂದ ಸಣ್ಣ ಗುಂಡಿಗೂ ಬೆನ್ನು ಹೇಳುತ್ತದೆ.

ಮತ್ತೊಂದು ಸಲ ಮಾಡುತ್ತೀಯಾ ಅಂದರೆ, ಇಲ್ಲ.

ಹೊಸಬ ಫೋರ್ ಬೈ ಫೋರ್ · ಮಂಗಳವಾರ ಮಧ್ಯಾಹ್ನ 2:30

ಮೇಡಂ, ಹಲ್ಲು ಎಣಿಸೋಕೆ ಡಿಫ್ ಬಿಚ್ಚಲೇಬೇಕಾ? ನನ್ನದು ಹಳೇ ಥಾರ್. ಮುಂದೆ ಟಾರ್ಶನ್ ಬಾರ್ ಇಂಡಿಪೆಂಡೆಂಟ್, ಎರಡು ಚಕ್ರ ಬೇರೆ ಬೇರೆ ಕುಣಿಯುತ್ತವೆ. ಅದಕ್ಕೆ ಎರಡೂ ಚಕ್ರ ಒಂದಕ್ಕೊಂದು ಜೋಡಿಸೋ ಲೈವ್ ಆಕ್ಸಲ್ ಹಾಕಿಸಬೇಕು ಅಂತ ಆಸೆ ಇದೆ.

ಮಡಿಕೇರಿ ಚಂಗಪ್ಪನ ಮಗಳು · ಮಂಗಳವಾರ ಮಧ್ಯಾಹ್ನ 3:05

ಬಿಚ್ಚಬೇಕಾಗಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಒಂದು ಚಕ್ರ ಮಾತ್ರ ಎತ್ತಿ. ಆ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ಅನುಪಾತ. ಡಿಫ್ ಲಾಕ್ ಆಗಿರಬಾರದು ಅಷ್ಟೆ. ನಾಲ್ಕಕ್ಕೆ ಸ್ವಲ್ಪ ಕಮ್ಮಿ, ಐದಕ್ಕೆ ಸ್ವಲ್ಪ ಕಮ್ಮಿ, ಇಷ್ಟು ಗೊತ್ತಾದರೆ ಸಾಕು.

ಲೈವ್ ಆಕ್ಸಲ್ ಆಸೆಗೆ: ಅದು ಆಕ್ಸಲ್ ಬದಲಿಸೋದಲ್ಲ, ಗಾಡಿಯ ಮುಂಭಾಗವನ್ನೇ ಹೊಸದಾಗಿ ಕಟ್ಟೋದು. ಸ್ಪ್ರಿಂಗ್ ಜಾಗ, ಸ್ಟಿಯರಿಂಗ್, ಎಂಜಿನ್ ಕೆಳಗಿನ ಚೇಂಬರ್ ತಾಗುತ್ತದಾ, ಎಲ್ಲ. ಆ ದುಡ್ಡಿಗೆ ಒಂದು ಹಳೇ ಜೀಪೇ ಬರುತ್ತದೆ.

ಹುಬ್ಬಳ್ಳಿ ರೂಲ್ಸ್ · ಮಂಗಳವಾರ ಸಂಜೆ 5:40

ಎಲ್ಲರೂ ವೆಲ್ಡಿಂಗ್ ಮಾತಾಡಾಕತ್ತೀರಿ, ಕಾಗದದ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದ್ರಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಸವೆದ ಸೀಲು, ಶಾಫ್ಟು, ಅದೇ ಮಾಡೆಲ್ಲಿನ ಹೌಸಿಂಗ್ ಹಾಕೋದು ರಿಪೇರಿ. ಬೇರೆ ಗಾಡಿಯ ಆಕ್ಸಲ್ ಕೂರಿಸಿ ರಸ್ತೆಗೆ ಬಂದರೆ ಆಕ್ಸಿಡೆಂಟ್ ಆದ ದಿನ ಇನ್ಶುರೆನ್ಸಿನವರು ಗಾಡಿ ಕೆಳಗೆ ಟಾರ್ಚ್ ಬಿಡ್ತಾರ. 31 ಇಂಚು ಟೈರೂ ಅದೇ ಲೆಕ್ಕಕ್ಕೆ ಬರ್ತದ.

ದೇರಾ ಕನ್ನಡಿಗ · ಮಂಗಳವಾರ ರಾತ್ರಿ 11:55

ದುಬೈಯಿಂದ. ನನ್ನದು ರ‍್ಯಾಂಗ್ಲರ್ ಜೆಕೆ. ಮುಂದೆ ಡಾನಾ 30 ಆಕ್ಸಲ್, ಹಿಂದೆ ಡಾನಾ 44. ರೂಬಿಕಾನ್ ಮಾಡೆಲ್ಲಿಗೆ ಮಾತ್ರ ಮುಂದೆಯೂ 44. ಇಲ್ಲಿ ಬಂಡೆ ಕಮ್ಮಿ, ಮರಳು ಜಾಸ್ತಿ. ಶಾಫ್ಟ್ ಮುರಿಯೋದಕ್ಕಿಂತ ಹೌಸಿಂಗ್ ಬಗ್ಗೋದು ಜಾಸ್ತಿ. ದಿಬ್ಬದ ನೆತ್ತಿಯಲ್ಲಿ ವೇಗ ಲೆಕ್ಕ ತಪ್ಪಿ ನಾನೂ ಒಂದು ಸಲ ಗಾಡಿ ಹಾರಿಸಿದೆ. ತಪ್ಪು ನನ್ನದೇ. ಇಳಿದಾಗ ಮುಂದಿನ ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿದ್ದವು.

ಆಮೇಲೆ ಮಾಡಿಸಿದ್ದು ಎರಡು ಕೆಲಸ. ಆಕ್ಸಲ್ ತುದಿಯಲ್ಲಿ ಇಂಗ್ಲಿಷ್ ಸಿ ಅಕ್ಷರದ ಹಾಗೆ ಒಂದು ಎರಕ ಇರುತ್ತದೆ, ಬಾಲ್ ಜಾಯಿಂಟ್ ಕೂರೋ ಜಾಗ. ಅದಕ್ಕೂ ಟ್ಯೂಬಿಗೂ ಮೂಲೆಯಲ್ಲಿ ಗಸೆಟ್ (ಆಸರೆ ತಗಡು) ವೆಲ್ಡ್. ಮತ್ತೆ ಟ್ಯೂಬ್ ಒಳಗೆ ಇನ್ನೊಂದು ಟ್ಯೂಬ್ ತೂರಿಸಿ ಅಲ್ಲಲ್ಲಿ ತೂತು ಮಾಡಿ ವೆಲ್ಡ್. ಮೇಲೆ ಸೇತುವೆಯ ಹಾಗೆ ಟ್ರಸ್ ಹಾಕೋರೂ ಇದ್ದಾರೆ. ಡಾನಾದಲ್ಲಿ ಒಂದು ತೊಡಕು. ನಡುವಿನ ಗುಂಡಗಿನ ಭಾಗ ಎರಕದ ಕಬ್ಬಿಣ, ಟ್ಯೂಬ್ ಉಕ್ಕು. ಎರಕವನ್ನು ಮೊದಲೇ ಬಿಸಿ ಮಾಡಿ, ನಿಕಲ್ ರಾಡ್‌ನಲ್ಲಿ ವೆಲ್ಡ್ ಮಾಡಿ, ನಿಧಾನಕ್ಕೆ ಆರಲು ಬಿಡಬೇಕು. ಇಲ್ಲದಿದ್ದರೆ ಪಕ್ಕದಲ್ಲೇ ಬಿರುಕು. ಜಿಪ್ಸಿಯದು ಒತ್ತಿದ ಉಕ್ಕಿನ ಬ್ಯಾಂಜೋ ಹೌಸಿಂಗ್, ನಿಮಗೆ ಆ ಕಷ್ಟ ಇಲ್ಲ.

ಸ್ಪಾನರ್ ಸ್ವಾಮಿ · ಬುಧವಾರ ಬೆಳಿಗ್ಗೆ 8:10

ಟ್ರಸ್ ವಿಚಾರ ಬಂದಿದ್ದು ಒಳ್ಳೇದಾಯಿತು. ಹೆತ್ತೂರಿನವರೇ, 9 ಮಿಲಿಮೀಟರ್ ಬಗ್ಗಿದ ಹೌಸಿಂಗಿಗೆ ಟ್ರಸ್ ಹಾಕಿಸಬೇಡಿ. ಸೊಟ್ಟಗಿರೋದನ್ನೇ ಗಟ್ಟಿ ಮಾಡಿದ ಹಾಗೆ ಆಗುತ್ತದೆ. ಗುಜರಿಯಲ್ಲಿ ನೆಟ್ಟಗಿರೋ ಹೌಸಿಂಗ್ ಹುಡುಕಿ. ಅಗಲ ಟ್ರ್ಯಾಕಿಂದೇ (ಎಡ ಬಲ ಚಕ್ರದ ಅಂತರ ಜಾಸ್ತಿ ಇರೋದೇ) ಬೇಕು, ಹಳೇದು 90 ಮಿಲಿಮೀಟರ್ ಕಿರಿದು.

ವೆಲ್ಡ್ ಮಾಡುವಾಗ ಒಂದೇ ಉಸಿರಿಗೆ ಗೆರೆ ಎಳೆಯಬಾರದು. ಹೌಸಿಂಗನ್ನು ದಪ್ಪ ಚಾನಲ್ಲಿಗೆ ಬಿಗಿಯಾಗಿ ಕಟ್ಟಿ. ಹಳೇ ಡಿಫ್ ಒಂದನ್ನು ನಡುವೆ ಬೋಲ್ಟ್ ಮಾಡಿ, ಮುಖ ಸೊಟ್ಟ ಆಗದ ಹಾಗೆ. ಎಡಕ್ಕೆ ಒಂದು ಇಂಚು, ಬಲಕ್ಕೆ ಒಂದು ಇಂಚು. ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಒಂದು ಕೆಲಸಕ್ಕೆ ಪೂರ್ತಿ ದಿನ ಬೇಕು. ಎರಡು ಗಂಟೆಯಲ್ಲಿ ಕೊಡುತ್ತೇನೆ ಅನ್ನೋ ವೆಲ್ಡರ್ ಹತ್ತಿರ ಹೋಗಬೇಡಿ. ನೀರು ಹಾಕಿ ತಣಿಸೋನ ಹತ್ತಿರ ಹೋಗಲೇಬೇಡಿ.

ಬ್ರೀದರ್ ಪೈಪನ್ನೂ (ಆಕ್ಸಲ್ ಒಳಗೆ ಗಾಳಿ ಆಡೋ ಕೊಳವೆ) ಎಂಜಿನ್ ರೂಮಿನ ತನಕ ಎತ್ತಿ ಕಟ್ಟಿ. ಬಿಸಿ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಇದೇ ಕಾರಣ.

ಮತ್ತೆ ಹಿಂದಿನ ಆ ವೆಲ್ಡ್ ಡಿಫ್ ತೆಗೆಸಿ. ಇದು ಮುಖ್ಯ.

ಪೀಣ್ಯ ಹೀಟ್ ಟ್ರೀಟ್ · ಬುಧವಾರ ಮಧ್ಯಾಹ್ನ 12:45

ಹೌದು. ವೆಲ್ಡ್ ಡಿಫ್ ಇದ್ದರೆ ಒಂದು ಚಕ್ರ ಗಾಳಿಯಲ್ಲಿದ್ದಾಗ ಅಷ್ಟೂ ತಿರುಚು ಇನ್ನೊಂದೇ ಶಾಫ್ಟಿಗೆ. ಜಿಪ್ಸಿಯ ಹಿಂದಿನ ಶಾಫ್ಟ್ ತಿರುಚನ್ನೂ ಹೊರಬೇಕು, ಗಾಡಿಯ ತೂಕವನ್ನೂ ಹೊರಬೇಕು. ಬೇರಿಂಗ್ ಹತ್ತಿರ ಮುರಿದರೆ ಚಕ್ರ ಶಾಫ್ಟ್ ಸಮೇತ ಹೊರಗೆ ನಡೆಯುತ್ತದೆ. ಮುಂದೆ ಆ ಭಯ ಇಲ್ಲ, ಅಲ್ಲಿ ತೂಕ ಹೊರೋದು ಶಾಫ್ಟ್ ಅಲ್ಲ, ಸ್ಪಿಂಡಲ್.

ಲೇತಿನಲ್ಲಿ ಇಎನ್ 24 ಉಕ್ಕಿನ ಶಾಫ್ಟ್ ಮಾಡಿಕೊಡುತ್ತೇವೆ ಅನ್ನೋರು ಬಹಳ ಜನ ಇದ್ದಾರೆ. ಲೋಹ ಒಳ್ಳೇದೇ. ಆದರೆ ಹದ ಮಾಡದ ಇಎನ್ 24 ಬರೀ ದುಬಾರಿ ಕಬ್ಬಿಣ. ಎಷ್ಟು ಗಡಸುತನಕ್ಕೆ ಹದ ಮಾಡುತ್ತೀರಿ ಅಂತ ಕೇಳಿ. ಉತ್ತರ ಬರದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ. ಫ್ಲೇಂಜ್ (ಚಕ್ರ ಕೂರೋ ತಟ್ಟೆ) ಬುಡದ ತಿರುವು ಗುಂಡಗೆ, ನುಣ್ಣಗೆ ಇರಬೇಕು. ಉಗುರಿಗೆ ಟೂಲಿನ ಗೆರೆ ತಾಗಿದರೆ ಬಿರುಕು ಅಲ್ಲಿಂದಲೇ ಶುರು. ವ್ಯಾಸ 10 ಪರ್ಸೆಂಟ್ ಹೆಚ್ಚಿದರೆ ಬಲ 33 ಪರ್ಸೆಂಟ್ ಹೆಚ್ಚುತ್ತದೆ ನಿಜ, ಆದರೆ ಅಂಥ ಒಂದು ಗೆರೆ ಆ ಲಾಭವನ್ನೆಲ್ಲ ತಿಂದುಹಾಕುತ್ತದೆ.

ಶಾಫ್ಟ್ ಹಾಕುವ ಮೊದಲು ಉದ್ದಕ್ಕೂ ಒಂದು ಬಿಳಿ ಪೇಂಟ್ ಗೆರೆ ಎಳೆಯಿರಿ, ಸ್ಕೇಲ್ ಇಟ್ಟು. ಮುಂದೆ ಬಿಚ್ಚಿದಾಗ ಗೆರೆ ನೆಟ್ಟಗಿದೆಯಾ ಅಂತ ನೋಡಿದರೆ ಆಯಿತು.

ಹೆತ್ತೂರು ಜಿಪ್ಸಿ · ಐದು ವಾರದ ನಂತರ, ಶನಿವಾರ ರಾತ್ರಿ 9:15

ತಡವಾಯಿತು, ತೋಟದ ಕೆಲಸ. ಬೇರೆ ಆಕ್ಸಲ್ ಆಸೆ ಬಿಟ್ಟೆ. ಮಡಿಕೇರಿ ಮೇಡಂ ಬರೆದಿದ್ದನ್ನು ಅಣ್ಣನಿಗೆ ಓದಿ ಹೇಳಿದೆ. "ಎಮ್ಮೆ ನಮ್ಮ ಹಟ್ಟಿಯಲ್ಲೇ ಎರಡಿವೆ" ಅಂದ.

ಹಿಂದಕ್ಕೆ ಗುಜರಿ ಹೌಸಿಂಗ್ ಸಿಕ್ಕಿತು, ಅಳೆದರೆ 1 ಮಿಲಿಮೀಟರ್ ಒಳಗೆ. ಅದರ ಮೇಲೆ 5 ಮಿಲಿಮೀಟರ್ ಪ್ಲೇಟಿನ ಟ್ರಸ್. ವೆಲ್ಡ್ ಆದ ಮೇಲೆ 2 ಮಿಲಿಮೀಟರ್. ವೆಲ್ಡರ್ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಸಂಜೆ ಆರಕ್ಕೆ ಮುಗಿಸಿದರು, ನಡುವೆ ನಾನು ಏಳು ಚಹಾ ತರಿಸಿದೆ. ಮುಂದೆ ಎರಡೂ ಜಾಯಿಂಟ್ ಹೊಸದು, ಸೀಲ್ ಎಲ್ಲ ಹೊಸದು. ಬ್ರೀದರ್ ಮೇಲಕ್ಕೆ ಹೋಯಿತು. ಟೈರ್ 235/75 ಆರ್ 15ಕ್ಕೆ ಇಳಿಸಿದೆ, 29 ಇಂಚಿನ ಹತ್ತಿರ. ಮನಸ್ಸಿಗೆ ಸ್ವಲ್ಪ ನೋವಾಯಿತು.

ವೆಲ್ಡ್ ಡಿಫ್ ಮಾತ್ರ ಹಾಗೇ ಇದೆ. ಆಮೇಲೆ ನೋಡೋಣ ಅಂತ.

ಮೊನ್ನೆ ಅದೇ ಹಳ್ಳ, ಅದೇ ದಿಬ್ಬ. ಸ್ಟಿಯರಿಂಗ್ ನೆಟ್ಟಗೆ ಮಾಡಿಕೊಂಡು ಒತ್ತಿದೆ, ಹತ್ತಿತು. ಇವತ್ತು ಹಿಂದಿನ ಶಾಫ್ಟ್ ಎರಡೂ ಎಳೆದು ನೋಡಿದೆ. ಎಡಗಡೆ ಗೆರೆ ನೆಟ್ಟಗಿದೆ. ಬಲಗಡೆದು ಸ್ಪ್ಲೈನ್ (ಡಿಫ್ ಒಳಗೆ ಕೂರೋ ಹಲ್ಲಿನ ತುದಿ) ಹತ್ತಿರ ಬರುತ್ತಾ ಕಡ್ಡಿ ದಪ್ಪದಷ್ಟು ಸುತ್ತಿಕೊಂಡಿದೆ. ಹಾಗೇ ಹಾಕಲಾ?

ಪೀಣ್ಯ ಹೀಟ್ ಟ್ರೀಟ್ · ಶನಿವಾರ ರಾತ್ರಿ 9:50

ಬೇಡ. ಒಂದು ಸಲ ತಿರುಚಿದ್ದು ವಾಪಸ್ ಬರಲ್ಲ. ಹೊರಗಿಂದ ಬಿರುಕು ಕಾಣಲ್ಲ ಅಂತ ನಂಬಬೇಡಿ.

ಕೊಡಚಾದ್ರಿ ಲೋಡ್ · ಶನಿವಾರ ರಾತ್ರಿ 10:20

ಎಸೆಯಲೂ ಬೇಡಿ ಸರ್. ಹೊಸದು ಹಾಕಿ, ಇದನ್ನು ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗಿಡಿ. "ಬಲ" ಅಂತ ಬರೆದಿಡಿ, ಜಿಪ್ಸಿಯಲ್ಲಿ ಎಡ ಬಲ ಉದ್ದ ಬೇರೆ ಬೇರೆ. ಕತ್ತಲಲ್ಲಿ ಮನೆ ಮುಟ್ಟೋಕೆ ಆಗುತ್ತದೆ.

ಸ್ಪಾನರ್ ಸ್ವಾಮಿ · ಭಾನುವಾರ ಬೆಳಿಗ್ಗೆ 7:30

ಡಿಫ್ ತೆಗೆಸಿ ಅಂತ ಬುಧವಾರವೇ ಹೇಳಿದ್ದೆ.

ಹೆತ್ತೂರು ಜಿಪ್ಸಿ · ಭಾನುವಾರ ಬೆಳಿಗ್ಗೆ 7:42

ಗೊತ್ತು ಅಣ್ಣ. ನಾಳೆ ಹಾಸನಕ್ಕೆ ಬರುತ್ತೇನೆ. ಓಪನ್ ಡಿಫ್ ಒಂದು ಎತ್ತಿಟ್ಟಿರಿ.